ಇಂಡಿ ಲಿಂಬೆ: ರಫ್ತು ಉತ್ತೇಜನ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಭಾಗದಲ್ಲಿ ಬೆಳೆಯುವ ಲಿಂಬೆಗೆ ಸರ್ಕಾರದ ನೆರವಿನಿಂದ ವಿದೇಶಿ ಮಾರುಕಟ್ಟೆ ಕಲ್ಪಿಸುವ ಕಾರ್ಯ ನಡೆದಿದೆ. ಹೆಚ್ಚು ರಸ, ಪರಿಮಳ ಹಾಗೂ ಹುಳಿಗೆ ಹೆಸರಾದ ಈ ಹಣ್ಣಿಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇಂಡಿಯಲ್ಲಿದೆ.

ಕೃಷಿ ಉತ್ಪನ್ನಗಳ ರಫ್ತು ಉತ್ತೇಜನದ ಹೊಣೆ, 1986ರಲ್ಲಿ ಸ್ಥಾಪನೆಯಾದ, ಕೇಂದ್ರ ವಾಣಿಜ್ಯ ಸಚಿವಾಲಯದ ಅಧೀನ ಸಂಸ್ಥೆ ಅಪೆಡಾದ್ದು. ರಫ್ತುದಾರರನ್ನು ವಿದೇಶಿ ಮೇಳಗಳಿಗೆ ಕರೆದೊಯ್ಯುವುದು, ಖರೀದಿದಾರರೊಡನೆ ಭೇಟಿ ಏರ್ಪಡಿಸುವುದು ಅದರ ಮುಖ್ಯ ಕೆಲಸಗಳಲ್ಲಿ ಸೇರಿವೆ. ಇಂಥ ವಾಣಿಜ್ಯ ನಿಯೋಗಗಳಿಗೆ ಸಚಿವಾಲಯದ ಎಂಎಐ (ಮಾರ್ಕೆಟ್ ಆ್ಯಕ್ಸೆಸ್ ಇನಿಷಿಯೇಟಿವ್) ಯೋಜನೆಯಡಿ ಸಹಾಯಧನ ದೊರೆಯುತ್ತಿತ್ತು. ರಾಜ್ಯಮಟ್ಟದಲ್ಲಿ ರಫ್ತುದಾರರಿಗೆ ಮಾರ್ಗದರ್ಶನ ನೀಡುವುದು ಬೆಂಗಳೂರಿನ ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರ.

ಅಪೆಡಾ ನೆರವಿನಿಂದ 2025ರ ಆಗಸ್ಟ್‌ನಲ್ಲಿ 3 ಟನ್ ಇಂಡಿ ಲಿಂಬೆ ಯುಎಇಗೆ ರವಾನೆಯಾಯಿತು. ಬಳಿಕ 350 ಕೆ.ಜಿ. ಬ್ರಿಟನ್ನಿಗೆ ಹೋಯಿತು.