ದಂಡಿನ ಕೋವಿ, ಬೇಹಿನ ಕೋವಿ

ಜಿಲ್ಲಾ ಖಜಾನೆಯ ಬಾಗಿಲಲ್ಲಿ ಕಾವಲು ನಿಂತ ಪೊಲೀಸಿನವನ ಭುಜಕ್ಕೆ ಒರಗಿರುತ್ತಿದ್ದ ಆ ಉದ್ದನೆಯ ‘ತ್ರೀ ನಾಟ್ ತ್ರೀ’ ಬಂದೂಕನ್ನು ನನ್ನ ವಯಸ್ಸಿನವರೆಲ್ಲರೂ ನೋಡಿಯೇ ಇರುತ್ತಾರೆ. ಆದರೆ ಅದರ ಹಿಂಬದಿಯ ಹಿತ್ತಾಳೆಯ ತಗಡಿನಲ್ಲಿ ಒಂದು ಪುಟ್ಟ ಬಾಗಿಲುಂಟೆಂಬುದನ್ನೂ, ಅದನ್ನು ಉಗುರಿನಿಂದ ಮೀಟಿ ತೆರೆದರೆ ಮರದೊಳಗಣ ಬಿಲದಲ್ಲಿ ಎಣ್ಣೆಯ ಸಣ್ಣ ಕುಪ್ಪಿಯೂ ನಳಿಗೆಯನ್ನು ಒರೆಸುವ ಹುರಿಯೂ ಅಡಗಿ ಕುಳಿತಿರುವುವೆಂಬುದನ್ನೂ ಬಲ್ಲವರು ವಿರಳ. ಮನೆಯಿಂದ ಸಹಸ್ರ ಹರದಾರಿ ದೂರದಲ್ಲಿ, ಕೆಸರಿನಲ್ಲಿಯೋ ಮರಳಿನಲ್ಲಿಯೋ ನಿಂತ ಸಿಪಾಯಿಗೆ ಏನೇನು ಬೇಕಾದೀತೆಂದು ಯೋಚಿಸಿ ನಿರ್ಮಿಸಿದ ಆಯುಧವದು. ಆದರೂ ಅದು ಆ ಒಬ್ಬ ಸಿಪಾಯಿಗಾಗಿ ಹುಟ್ಟಿದುದಲ್ಲ, ಇಡೀ ದಂಡಿಗಾಗಿ ಹುಟ್ಟಿದುದು. ಸಾಲುಸಾಲಾಗಿ ನಿಂತು ಏಕಕಾಲದಲ್ಲಿ ಈಡು ಹಾರಿಸುವ ಜನಕ್ಕೆ, ತುದಿಗೆ ಸನೀನು ಸಿಕ್ಕಿಸಿ ಕುದುರೆಯ ಸವಾರನನ್ನು ಎದುರಿಸಬೇಕಾದ ಜನಕ್ಕೆ ಉದ್ದವೇ ಗುಣವಾಗಿದ್ದಿತು, ತೂಕವೂ ದೋಷವಾಗಿರಲಿಲ್ಲ. ಯುದ್ಧ ಮುಗಿದು ಅದೇ ಕೋವಿ ಒಬ್ಬಂಟಿ ಮನುಷ್ಯನ ಕೈಗೆ ಬಂದಾಗ, ಹಿಂದಣ ಗುಣಗಳೆಲ್ಲವೂ ಒಮ್ಮೆಗೇ ಹೊರೆಯಾದುವು. ಹೊರೆಯನ್ನು ಇಳಿಸಲೆಂದು ಗರಗಸವನ್ನು ಕೈಗೆತ್ತಿಕೊಂಡವರ ಚರಿತ್ರೆಗೆ ಈಗ ನೂರು ವರ್ಷಗಳಿಗೂ ಮೀರಿದ ವಯಸ್ಸು.

ಈ ಪರಿಷ್ಕರಣದ ಕಡೆಯ ರೂಪಕ್ಕೆ ಅಮೆರಿಕದವರು ‘ಸ್ಕೌಟ್ ರೈಫಲ್’ ಎಂದು ಹೆಸರಿಟ್ಟಿದ್ದಾರೆ. ದಂಡಿಗಿಂತ ಮುಂದಾಗಿ ಏಕಾಕಿಯಾಗಿ ಸಂಚರಿಸುವವನನ್ನು ನಮ್ಮ ಹಿರಿಯರು ಬೇಹುಗಾರನೆಂದರು. ಆದುದರಿಂದ ಇದನ್ನು ಬೇಹಿನ ಕೋವಿಯೆಂದು ಕರೆದರೆ ತಪ್ಪಾಗಲಾರದು.

ಮೊದಲು ಯಂತ್ರದ ಮಾತು. ಹಳ್ಳಿಯ ಮನೆಯ ಕದಕ್ಕೆ ಹಾಕುವ ಕಬ್ಬಿಣದ ಚಿಲಕವನ್ನು ಮೇಲಕ್ಕೆತ್ತಿ, ಹಿಂದಕ್ಕೆಳೆದು, ಮತ್ತೆ ಮುಂದಕ್ಕೆ ನೂಕಿ, ಕೆಳಕ್ಕೊತ್ತಿ ಭದ್ರಪಡಿಸುವ ಕ್ರಮವನ್ನು ಬಲ್ಲವನಿಗೆ ‘ಬೋಲ್ಟ್’ ಕೋವಿಯ ರಹಸ್ಯವನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಚಿಲಕ ಹಿಂದೆ ಸರಿದಾಗ ಸುಟ್ಟ ತೋಟಾ ಹೊರಕ್ಕೆ ಸಿಡಿಯುವುದು, ಮುಂದೆ ಸರಿದಾಗ ಹೊಸದು ನಳಿಗೆಯ ಬುಡವನ್ನು ಸೇರುವುದು. ಜರ್ಮನಿಯ ಓಬರ್ನ್‌ಡಾರ್ಫಿನ ಪೌಲ್ ಮೌಸರನು ಈ ಚಿಲಕಕ್ಕೆ 1898ರಲ್ಲಿ ಕೊಟ್ಟ ರೂಪವೇ ಇಂದಿಗೂ ಬೇಟೆಯ ಕೋವಿಗಳ ಮೂಲಮಾದರಿಯಾಗಿ ಉಳಿದಿದೆ. ಇನ್ನೊಬ್ಬ ಪ್ರವರ್ತಕನಾದ ಜೇಮ್ಸ್ ಪ್ಯಾರಿಸ್ ಲೀ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡದಲ್ಲಿ ಗಡಿಯಾರದ ಕಸಬಿನ ಮನೆಯಲ್ಲಿ ಬೆಳೆದವನು. ಅವನ ಯಂತ್ರವೂ ಎನ್‌ಫೀಲ್ಡ್ ಕಾರ್ಖಾನೆಯ ನಳಿಗೆಯೂ ಕೂಡಿ 1895ರಲ್ಲಿ ‘ಲೀ-ಎನ್‌ಫೀಲ್ಡ್’ ಆಯಿತು; ಖಜಾನೆಯ ಬಾಗಿಲಿನ ‘ತ್ರೀ ನಾಟ್ ತ್ರೀ’ (.303) ಇದೇ ವಂಶದ್ದು. ಮೌಸರನ ಕೋವಿ ಒಂದೂಕಾಲು ಮೀಟರು ಉದ್ದ. ಇಂಗ್ಲಿಷರು ಕಾಲಾಳಿಗೂ ಸವಾರನಿಗೂ ಒಂದೇ ಕೋವಿ ಸಾಕೆಂದು ನಿಶ್ಚಯಿಸಿ, ಮೂವತ್ತು ಅಂಗುಲದ ನಳಿಗೆಯನ್ನು ಇಪ್ಪತ್ತೈದಕ್ಕೆ ಇಳಿಸಿದಾಗ ಗುರಿಕಾರ ಪಂಡಿತರು ಅನರ್ಥವಾಯಿತೆಂದು ಹುಯಿಲಿಟ್ಟರು. ಅನರ್ಥವೇನೂ ಆಗಲಿಲ್ಲವೆಂಬುದನ್ನು ಎರಡು ಮಹಾಯುದ್ಧಗಳು ತೋರಿಸಿದುವು. ದಂಡಿನ ಕೋವಿಯನ್ನು ಮೊಟಕುಗೊಳಿಸುವ ಕೆಲಸವನ್ನು ಮೊದಲು ಮಾಡಿದವರು ದಂಡಿನವರೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಯುದ್ಧದ ಯಂತ್ರವನ್ನು ಬೇಟೆಗೆ ಒಗ್ಗಿಸುವ ಕಲೆಯಲ್ಲಿ ಭಾರತದ ಪಾಲು ನಾವು ತಿಳಿದುದಕ್ಕಿಂತ ದೊಡ್ಡದು. 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟನಿಗೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂಯೆಟ್ ಬಹುಮಾನವಾಗಿ ಕೊಟ್ಟ ಲಂಡನ್ನಿನ ರಿಗ್ಬಿ ಕೋವಿಯ ಹೊಟ್ಟೆಯಲ್ಲಿದ್ದುದು ಮೌಸರನ ಚಿಲಕವೇ, ಅದರ .275 ತೋಟಾ ಎಂಬುದು ಮೌಸರನ ಏಳು ಮಿಲಿಮೀಟರಿನ ಸೈನಿಕ ತೋಟಾಕ್ಕೆ ಇಂಗ್ಲಿಷ್ ಅಂಗಿ ತೊಡಿಸಿ ಇಟ್ಟ ಹೆಸರು.

ಇದಕ್ಕಿಂತ ವಿಚಿತ್ರವಾದುದು .315ರ ಕಥೆ. ಸೇನೆಯ ತೋಟಾ ಪ್ರಜೆಗಳ ಕೋವಿಗೆ ಹೊಂದುವಂತಿರಬಾರದೆಂಬುದು 1857ರ ಪೆಟ್ಟನ್ನು ಮರೆಯದ ಆಳರಸರ ನೀತಿ. ಕದ್ದ ತೋಟಾದ ಪೆಟ್ಟಿಗೆ ಯಾರ ಕೈಗೆ ಸೇರೀತೋ ಎಂಬ ಭಯ. ಆದುದರಿಂದ .303 ತೋಟಾ ಈ ದೇಶದ ಷಿಕಾರಿಗೆ ವರ್ಜ್ಯವಾಯಿತು. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿಯ ವರ್ತಕಬುದ್ಧಿ ಅಷ್ಟಕ್ಕೇ ಸೋಲುವಂತಹುದಲ್ಲ: ಅದೇ ಲೀ ಚಿಲಕವನ್ನಿಟ್ಟುಕೊಂಡು, ಆಸ್ಟ್ರಿಯದ ಮ್ಯಾನ್‌ಲಿಕರ್ ತೋಟಾಕ್ಕೆ ಹೊಂದುವ ನಳಿಗೆಯನ್ನು ಜೋಡಿಸಿ, ಮುಂಗೈಯ ಮರವನ್ನು ಅರ್ಧಕ್ಕೆ ನಿಲ್ಲಿಸಿ, ಹಗುರವಾದ ಷಿಕಾರಿ ಕೋವಿಯನ್ನು ಭಾರತದ ಪೇಟೆಗೆ ಕಳುಹಿಸಿತು. ಸ್ವಾತಂತ್ರ್ಯಾನಂತರ ಅದೇ .315 ಕೋವಿಯನ್ನು ನಮ್ಮ ಸರ್ಕಾರದ ಕಾರ್ಖಾನೆಯೇ ತಯಾರಿಸತೊಡಗಿತು. ಆಳುವವರು ಬದಲಾದರೂ ಅವರ ಭಯ ಬದಲಾಗಲಿಲ್ಲವೆಂದು ಯಾರಾದರೂ ಗೇಲಿ ಮಾಡಿದರೆ ನಾನು ತಡೆಯುವವನಲ್ಲ.

ಆ ಕಾರ್ಖಾನೆ ಕಲ್ಕತ್ತೆಯ ಉತ್ತರಕ್ಕೆ, ಹೂಗ್ಲಿಯ ದಂಡೆಯ ಇಚ್ಛಾಪುರದಲ್ಲಿದೆ. ಸಾಹೇಬರ ನಾಲಗೆಯಲ್ಲಿ ಅದು ‘ಇಶಾಪುರ್’ ಆಯಿತು. 1787ರಲ್ಲಿ ಮದ್ದಿನ ಕಾರ್ಖಾನೆಯಾಗಿ ಸ್ಥಾಪಿತವಾದ ಆ ಸ್ಥಳದಲ್ಲಿ 1904ರಿಂದ ಕೋವಿಯ ಕೆಲಸ ನಡೆದು ಬಂದಿತು. ಅಲ್ಲಿಯ ಕುಶಲಿಗಳು ಕೂಡ ದಂಡಿನ ಕೋವಿಯನ್ನು ಮಾರ್ಪಡಿಸಿದರು. ಆದರೆ ಅವರ ಪರಿಷ್ಕಾರ ವಿಪರೀತ ದಿಕ್ಕಿನದು. ಪೊಲೀಸರಿಗೂ ಸೆರೆಮನೆಯ ಕಾವಲುಗಾರರಿಗೂ ಕೊಡಲೆಂದು .303 ಕೋವಿಯ ನಳಿಗೆಯನ್ನು .410ಕ್ಕೆ ಕೊರೆದು ನುಣುಪುಗೊಳಿಸಿ, ಹತ್ತು ತೋಟಾಗಳು ಕೂರಬೇಕಾದ ಬಾಯಿಗೆ ಮರದ ದಿಂಡನ್ನು ತುರುಕಿ, ಒಂದೊಂದೇ ಈಡು ಹಾರಿಸುವ ಪ್ರಾಣಿಯನ್ನಾಗಿ ಮಾಡಿದರು. ಒಬ್ಬನು ಭಾರವನ್ನು ಇಳಿಸಲೆಂದು ಕತ್ತರಿಸಿದರೆ, ಇನ್ನೊಬ್ಬನು ಹಲ್ಲನ್ನು ಕೀಳಲೆಂದು ಕೊರೆದನು.

ಅಟ್ಲಾಂಟಿಕ್ ಸಮುದ್ರದ ಆಚೆಗೆ ಈ ಕಸಬು ಉತ್ಸವವೇ ಆಯಿತು. ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ ತನ್ನ ಸೇನೆಗೆ 1903ರಲ್ಲಿ ಬಂದ ಹೊಸ ಸ್ಪ್ರಿಂಗ್‌ಫೀಲ್ಡ್ ಕೋವಿಗೆ ಬೇಟೆಯ ಹಿಡಿಯನ್ನು ಹಾಕಿಸಿಕೊಂಡನು. 1910ರ ಸುಮಾರಿಗೆ ಲಾಸ್ ಏಂಜಲೀಸಿನ ಲೂಯಿಸ್ ವುಂಡ್‌ಹ್ಯಾಮರ್ ಎಂಬ ಕೋವಿಗಾರನು ಅದೇ ಕೋವಿಗಳಿಗೆ ಅಕ್ರೋಟು ಮರದ ಸೊಬಗಿನ ಹಿಡಿಗಳನ್ನು ಕೆತ್ತಿ ಶ್ರೀಮಂತ ಷಿಕಾರಿಗಳ ಮನಸ್ಸನ್ನು ಗೆದ್ದನು. ಇದು ಸಿರಿವಂತರ ವಿಲಾಸ. ಎರಡನೆಯ ಮಹಾಯುದ್ಧ ಮುಗಿದು ಯೂರೋಪಿನ ಉಗ್ರಾಣಗಳಲ್ಲಿ ಕೋವಿಗಳು ಸೌದೆಯ ರಾಶಿಗಳಂತೆ ಬಿದ್ದಾಗ ಬಡವನ ಸರದಿ ಬಂದಿತು. 1953ರಲ್ಲಿ ಸ್ಯಾಮ್ಯುಯೆಲ್ ಕಮಿಂಗ್ಸ್ ಎಂಬ ಚತುರನು ಇಂಟರಾರ್ಮ್ಕೊ ಎಂಬ ಕಂಪನಿಯನ್ನು ತೆರೆದು, ದೇಶದೇಶಗಳ ಹಳೆಯ ಕೋವಿಗಳನ್ನು ಕೊಂಡು, ವರ್ಜೀನಿಯದ ಅಲೆಗ್ಸಾಂಡ್ರಿಯದಲ್ಲಿ ಪೊಟೊಮ್ಯಾಕ್ ನದಿಯ ದಂಡೆಯ ಮಳಿಗೆಗಳಲ್ಲಿ ತುಂಬಿದನು. ರೈತನೂ ಗುಮಾಸ್ತನೂ ಅಂಚೆಯ ಮೂಲಕ ಒಂದನ್ನು ತರಿಸಿಕೊಂಡು, ಅಡುಗೆಮನೆಯ ಮೇಜಿನ ಮೇಲಿಟ್ಟು, ಮುಂಗೈಯ ಮರವನ್ನು ಗರಗಸದಿಂದ ಕುಯ್ದು, ಅರವನ್ನೂ ಮರಳುಕಾಗದವನ್ನೂ ಉಜ್ಜಿ, ಎಣ್ಣೆ ಸವರಿ, ಚಳಿಗಾಲದ ಜಿಂಕೆಯ ಬೇಟೆಗೆ ಸಿದ್ಧನಾಗುವನು. ಆ ಕೆಲಸದಲ್ಲಿ ಒಳ್ಳೆಯದೂ ಇದ್ದಿತು, ಬಡಗಿಯ ಎದೆ ಒಡೆಯುವಷ್ಟು ಕೆಟ್ಟದೂ ಇದ್ದಿತು.

ಈ ಅಗ್ಗದ ವ್ಯಾಪಾರದ ಇನ್ನೊಂದು ಮುಖವನ್ನು 1963ರ ನವೆಂಬರಿನಲ್ಲಿ ಜಗತ್ತು ಕಂಡಿತು. ಡಲ್ಲಾಸಿನಲ್ಲಿ ಅಧ್ಯಕ್ಷ ಕೆನಡಿಯ ಪ್ರಾಣವನ್ನು ತೆಗೆದ ಆಯುಧ ಇಟಲಿಯ ಸೇನೆ ಬಿಸುಟ ಕಾರ್ಕಾನೊ ಕೋವಿ. ಷಿಕಾಗೋ ನಗರದ ಅಂಗಡಿಯೊಂದರಿಂದ ದುರ್ಬೀನಿನ ಸಮೇತ 19 ಡಾಲರು 95 ಸೆಂಟಿಗೆ ಅಂಚೆಯಲ್ಲಿ ಬಂದುದು. 1968ರ ಶಾಸನ ಅಂಚೆಯ ವ್ಯಾಪಾರಕ್ಕೆ ಬೀಗವಿಕ್ಕಿತು, ಸೇನೆಗಳ ಹಳೆಯ ಕೋವಿಗಳ ಆಮದನ್ನೂ ನಿಲ್ಲಿಸಿತು. ಆ ಆಮದಿನ ಬಾಗಿಲು ಮತ್ತೆ ತೆರೆದುದು ಎಂಬತ್ತರ ದಶಕದಲ್ಲಿ.

ಅಷ್ಟರಲ್ಲಿ ಅರಿಜೋನಾದ ಬೆಂಗಾಡಿನಲ್ಲಿ ಒಬ್ಬ ವೃದ್ಧ ಗುರು ಹುಟ್ಟಿಕೊಂಡಿದ್ದನು. ಜೆಫ್ ಕೂಪರ್, 1920ರಲ್ಲಿ ಹುಟ್ಟಿ, ಪೆಸಿಫಿಕ್ ಯುದ್ಧದಲ್ಲಿ ನೌಕಾಪದಾತಿಯ ಅಧಿಕಾರಿಯಾಗಿದ್ದವನು. 1976ರಲ್ಲಿ ‘ಗನ್‌ಸೈಟ್’ ಎಂಬ ತನ್ನ ಬಯಲಿನಲ್ಲಿ ಶಸ್ತ್ರಶಾಲೆಯೊಂದನ್ನು ತೆರೆದನು. 1983ರಲ್ಲಿ ಅಲ್ಲಿ ಕೋವಿಗಾರರನ್ನೂ ಬರಹಗಾರರನ್ನೂ ಬೇಟೆಗಾರರನ್ನೂ ಕೂಡಿಸಿ ಅವನು ಮುಂದಿಟ್ಟ ಪ್ರಶ್ನೆ ಇಷ್ಟೇ: ಒಬ್ಬನೇ ಮನುಷ್ಯ, ಒಂದೇ ಕೋವಿ, ಎಲ್ಲ ಕೆಲಸಕ್ಕೂ ಆಗಬೇಕು, ಅದು ಹೇಗಿರಬೇಕು? ಉತ್ತರವನ್ನೂ ಅವನೇ ಕೊಟ್ಟನು. ಉದ್ದ ಒಂದು ಮೀಟರನ್ನು ಮೀರಕೂಡದು. ತೂಕ ಮೂರು ಕಿಲೋ, ಹೆಚ್ಚೆಂದರೆ ಮೂರೂವರೆ. ತೋಟಾ ಲೋಕದಲ್ಲೆಲ್ಲ ದೊರೆಯುವ .308, ಅರ್ಥಾತ್ ಸೇನೆಗಳ 7.62. ದುರ್ಬೀನು ಬಹಳವಾಗಿ ಹಿಗ್ಗಿಸಿ ತೋರಕೂಡದು, ಎರಡು ಮೂರು ಪಟ್ಟು ಸಾಕು. ಅದೂ ಕಣ್ಣಿಗೆ ಒತ್ತಿಕೊಂಡಿರದೆ ಚಿಲಕದಿಂದ ಮುಂದಕ್ಕೆ, ನಳಿಗೆಯ ಮೇಲೆ, ಗೇಣುದ್ದದಾಚೆ ಕುಳಿತಿರಬೇಕು.

ಈ ಕಡೆಯ ನಿಯಮದಲ್ಲಿಯೇ ಹಳೆಯ ಕೋವಿಗಳ ಪುನರ್ಜನ್ಮದ ಬೀಜವಿದ್ದುದು. ಸಾಮಾನ್ಯ ಬೇಟೆಯ ದುರ್ಬೀನನ್ನು ಕೂರಿಸಬೇಕಾದರೆ ದಂಡಿನ ಕೋವಿಯ ಉಕ್ಕಿನ ಬೆನ್ನಿಗೆ ತೂತು ಕೊರೆಯಬೇಕು. ಕೊರೆದು ಕೂರಿಸಿದ ಮೇಲೆ ಅದು ಬಾಯಿಯ ಮೇಲೆ ಛಾವಣಿಯಂತೆ ನಿಂತು, ಐದು ತೋಟಾಗಳ ಕಟ್ಟನ್ನು ಮೇಲಿನಿಂದ ಒಮ್ಮೆಗೇ ಒತ್ತಿ ತುಂಬುವ ದಾರಿಯನ್ನು ಮುಚ್ಚುವುದು. ಆ ತುಂಬುವ ವಿಧಾನವನ್ನು ಕಣ್ಣಾರೆ ಕಂಡವನೇ ಅದರ ಸೊಗಸನ್ನು ಬಲ್ಲನು: ತಗಡಿನ ಪಟ್ಟಿಯನ್ನು ಬಾಯಿಯ ಅಂಚಿನ ಗಾಡಿಗೆ ನೆಟ್ಟಗೆ ನಿಲ್ಲಿಸಿ, ಹೆಬ್ಬೆರಳಿನಿಂದ ತೋಟಾಗಳ ಬುಡವನ್ನೊತ್ತಿದರೆ, ಐದೂ ಸರಸರನೆ ಕೆಳಕ್ಕಿಳಿದು, ಖಾಲಿ ಪಟ್ಟಿ ಟಣ್ ಎಂದು ನೆಲಕ್ಕೆ ಬೀಳುವುದು. ಮುಂದೆ ಕೂರುವ ದುರ್ಬೀನು ಈ ಬಾಯನ್ನು ತೆರೆದೇ ಇರಿಸುತ್ತದೆ. ಮೇಲಾಗಿ ಹಳೆಯ ಕೋವಿಗಳ ಏಣಿಯಾಕಾರದ ಗುರಿಪಟ್ಟಿ ಇದ್ದ ಸ್ಥಾನವೂ ಅದೇ ಆದುದರಿಂದ, ಆ ಪಟ್ಟಿಯನ್ನು ಕಳಚಿ ಅದರ ಗದ್ದುಗೆಯ ಮೇಲೆಯೇ ಇದನ್ನು ಬಿಗಿಯಬಹುದಾಗಿತ್ತು. ಜರ್ಮನ್ನರು 1941ರಲ್ಲಿಯೇ ತಮ್ಮ ಮೌಸರಿಗೆ ಒಂದೂವರೆ ಪಟ್ಟಿನ ಕಿರುದುರ್ಬೀನನ್ನು ಹೀಗೆಯೇ ಮುಂದೆ ಜೋಡಿಸಿದ್ದರು. ಅದು ತೀರ ಕಿರಿದಾಗಿ ಸಿಪಾಯಿಗಳ ಮೆಚ್ಚುಗೆಯನ್ನು ಪಡೆಯಲಿಲ್ಲ. ಸರಿಯಾದ ಯೋಚನೆಗೆ ಒಳ್ಳೆಯ ಗಾಜು ದೊರೆಯುವುದಕ್ಕೆ ನಲವತ್ತು ವರ್ಷ ಹಿಡಿಯಿತು.

ಕೂಪರನ ಅಳತೆಗೋಲನ್ನು ಹಿಡಿದು ಹಿಂದಿರುಗಿ ನೋಡಿದರೆ ಒಂದು ಕುತೂಹಲ ಕಾಣುತ್ತದೆ. ಇಂಗ್ಲಿಷರು 1944ರಲ್ಲಿ ಕಾಡಿನ ಯುದ್ಧಕ್ಕೆಂದು ಲೀ-ಎನ್‌ಫೀಲ್ಡನ್ನು ಕತ್ತರಿಸಿ, ಒಳಗಣ ಉಕ್ಕನ್ನೂ ಅಲ್ಲಲ್ಲಿ ಕೆತ್ತಿ ತೆಗೆದು ಮಾಡಿದ ‘ಜಂಗಲ್ ಕಾರ್ಬೈನ್’ ಸುಮಾರು ಒಂದು ಮೀಟರು ಉದ್ದ, ಮೂರೂಕಾಲು ಕಿಲೋ ತೂಕ. ಗುರುವಿನ ಲಕ್ಷಣಶಾಸ್ತ್ರ ರಚಿತವಾಗುವ ಮೊದಲೇ ಲಕ್ಷ್ಯ ಸಿದ್ಧವಾಗಿದ್ದಿತು. ಆದರೆ ಅದರ ಒದೆತ ಭುಜವನ್ನು ಕುಟ್ಟುವಂತಹುದು, ನಳಿಗೆಯ ಮೊನೆಯ ಬೆಂಕಿಯನ್ನು ಅಡಗಿಸಲು ಲಾಳಿಕೆಯೊಂದು ಬೇಕಾಯಿತು, ಗುರಿ ಇಂದು ಇದ್ದ ಕಡೆ ನಾಳೆ ಇರದೆ ಅಲೆಯುತ್ತದೆಂಬ ದೂರು ಬಂದಿತು. 1947ರಲ್ಲಿ ತಯಾರಿಕೆ ನಿಂತುಹೋಯಿತು. ಅತಿಯಾಗಿ ಕತ್ತರಿಸಿದುದರ ಫಲವಿದೆಂದು ನನಗೆ ತೋರುತ್ತದೆ. ಈ ಕಸಬಿನಲ್ಲಿ ಕಡಮೆ ಕತ್ತರಿಸಿದವನೇ ಜಾಣ.

ಇಚ್ಛಾಪುರದ ಕಾರ್ಖಾನೆ ಈ ಕಥೆಗೆ ಮತ್ತೊಮ್ಮೆ ಬರುವುದು ಇಲ್ಲಿಯೇ. 1962ರಲ್ಲಿ ಚೀನಾದ ಸೇನೆ ಹಿಮಾಲಯದ ಗಡಿಯನ್ನು ದಾಟಿದಾಗ ನಮ್ಮ ಯೋಧರ ಕೈಯಲ್ಲಿದ್ದುದು ಹಳೆಯ .303. ಆ ಕಹಿಯ ಬೆನ್ನಿಗೇ, 7.62 ತೋಟಾ ಹಾರಿಸುವ ಹೊಸ ಸ್ವಯಂಭರ್ತಿ ಕೋವಿಗಳು ಸಾಕಷ್ಟು ಸಂಖ್ಯೆಯಲ್ಲಿ ಸಿದ್ಧವಾಗುವತನಕ ಕೈಗೊಂದು ಆಸರೆ ಬೇಕೆಂದು, ಇಚ್ಛಾಪುರದವರು ಪ್ರಾಚೀನವಾದ ಲೀ ಯಂತ್ರವನ್ನು ಮೇಲಾದ ಉಕ್ಕಿನಲ್ಲಿ ಹೊಸದಾಗಿ ಎರಕಿಳಿಸಿದಂತೆ ರೂಪಿಸಿ, ಚಚ್ಚೌಕದ ತೋಟಾಪೆಟ್ಟಿಗೆಯನ್ನು ಜೋಡಿಸಿ ‘2ಎ’ ಎಂಬ ಕೋವಿಯನ್ನು ತಯಾರಿಸಿದರು. ಗುರಿಪಟ್ಟಿ ಎರಡು ಸಾವಿರದವರೆಗೆ ಅಳೆಯುತ್ತಿದ್ದುದು ಅವಾಸ್ತವವೆಂದು ಕಂಡು ಎಂಟುನೂರು ಮೀಟರಿಗೆ ತಗ್ಗಿಸಿದಾಗ ಅದು ‘2ಎ1’ ಆಯಿತು. ಮೂಲತಃ ಇಪ್ಪತ್ತನೆಯ ಶತಮಾನದ ಆರಂಭದ ವಸ್ತು. ಹೊಟ್ಟೆಯಲ್ಲಿ ಮಾತ್ರ ಅರುವತ್ತರ ದಶಕದ ತೋಟಾ. ಮುಂಗೈಯ ಮರ ಸೀಳದಿರಲೆಂದು ತೋಟಾಪೆಟ್ಟಿಗೆಯ ಮುಂದೆ ಅಡ್ಡಲಾಗಿ ತೂರಿಸಿದ ತಿರುಪೊಂದು ಇಚ್ಛಾಪುರದ ಕೈಗೆಲಸದ ಗುರುತು. ಪರದೇಶದ ಸಂಗ್ರಾಹಕರು ಆ ತಿರುಪಿಗೆ ಊರಿನ ಹೆಸರನ್ನೇ ಇಟ್ಟಿದ್ದಾರೆ.

ಸೇವೆ ಮುಗಿಸಿದ ಈ ಕೋವಿಗಳು ಹಡಗನ್ನೇರಿ ಅಮೆರಿಕವನ್ನು ಸೇರಿದಾಗ ಅಲ್ಲಿಯ ಬೇಹುಕೋವಿಯ ಭಕ್ತರಿಗೆ ನಿಧಿ ದೊರೆತಂತಾಯಿತು. ಹತ್ತು ತೋಟಾಗಳಿಗೆ ಕಡಮೆಯಿಲ್ಲದ ಪೆಟ್ಟಿಗೆ, ವೇಗವಾಗಿ ಜಾರುವ ಚಿಲಕ, ಕೂಪರನು ಬಯಸಿದ ಅಳತೆಯದೇ ತೋಟಾ. ನಳಿಗೆಯನ್ನೂ ಮರವನ್ನೂ ಮೊಟಕುಮಾಡಿ, ಮುಂದಕ್ಕೊಂದು ದುರ್ಬೀನನ್ನು ಬಿಗಿದರೆ ಕೆಲಸ ಮುಗಿಯಿತು. 1998ರಲ್ಲಿ ಆಸ್ಟ್ರಿಯದ ಸ್ಟೆಯರ್ ಕಂಪನಿ ಕೂಪರನ ಸಲಹೆಯಂತೆಯೇ ಮಾರಿದ ಹೊಸ ಸ್ಕೌಟ್ ಕೋವಿಯ ಬೆಲೆ ಕೇಳಿ ಬೆಚ್ಚಿದವರಿಗೆ ಬಂಗಾಳದ ಈ ಮುದಿಯನೇ ಸಂಗಾತಿಯಾದನು. ತೂಕದಲ್ಲಿ ಮಾತ್ರ ಅವನು ಗುರುವಿನ ತಕ್ಕಡಿಗೆ ಒಗ್ಗುತ್ತಿರಲಿಲ್ಲ. ಅಂತಹವುಗಳನ್ನು ಕೂಪರ್ ‘ಹುಸಿ ಸ್ಕೌಟ್’ ಎಂದು ನಕ್ಕನು.

ನಮ್ಮಲ್ಲಿ ಈ ವಿನೋದಕ್ಕೆ ಅವಕಾಶವಿಲ್ಲ. ಸೇನೆಯ ತೋಟಾ ಇಂದಿಗೂ ಪ್ರಜೆಗೆ ನಿಷಿದ್ಧ, 1972ರ ಶಾಸನ ಬೇಟೆಯನ್ನೂ ಮುಗಿಸಿತು. ಪರವಾನಗಿಯ ನಿರ್ಬಂಧದಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಪಡೆದು ಬಂದ ಕೊಡಗಿನಲ್ಲಿ ಕೂಡ ಕೋವಿ ಈಗ ಮುಖ್ಯವಾಗಿ ಪೂಜೆಯ ವಸ್ತು: ಕೈಲ್ ಮುಹೂರ್ತದ ದಿನ ಅದನ್ನು ಒರೆಸಿ, ದೇವರ ಕೋಣೆಯಲ್ಲಿಟ್ಟು, ಬೆಂಕಿಯ ನಾಲಗೆಯಂತಹ ದಳಗಳ ತೋಕ್ ಪೂವಿನಿಂದ ಸಿಂಗರಿಸುವರು. ಅಲ್ಲಿಯ ಭಾಷೆಯಲ್ಲಿ ಆ ಹೂವಿನ ಹೆಸರಿನಲ್ಲಿಯೇ ಕೋವಿ ಇದೆ.

ಅಮೆರಿಕದಲ್ಲಿಯೂ ಗಾಳಿ ತಿರುಗಿದೆ. ಐವತ್ತರ ದಶಕದಲ್ಲಿ ಕುಯ್ದು ಒಲೆಗೆ ಹಾಕಿದ ಮುಂಗೈಯ ಮರಕ್ಕಾಗಿ ಈಗ ಸಂಗ್ರಾಹಕರು ಸಂತೆಸಂತೆ ಅಲೆಯುತ್ತಾರೆ. ಕತ್ತರಿಸದೆ ಉಳಿದ ಕೋವಿಗೆ ಬರುವ ಬೆಲೆ ಕತ್ತರಿಸಿದುದಕ್ಕೆ ಬರುವುದಿಲ್ಲ, ಅಜ್ಜ ಅಂದಗೊಳಿಸಿದುದನ್ನು ಮೊಮ್ಮಗ ಹಣ ತೆತ್ತು ಮತ್ತೆ ಕುರೂಪಗೊಳಿಸುತ್ತಾನೆ. ಬೇಹಿನ ಕೋವಿಯಾಗಿ ಹೋದ 2ಎ1ಗಳಲ್ಲಿ ಮರ ಹೋಗಿದೆ, ನಳಿಗೆಯ ಮೊನೆ ಹೋಗಿದೆ, ಗುರಿಪಟ್ಟಿ ಹೋಗಿದೆ. ನಡುವಣ ಉಕ್ಕಿನ ಗಟ್ಟಿಯನ್ನು ಮಾತ್ರ ಯಾವ ಗರಗಸವೂ ಮುಟ್ಟುವಂತಿಲ್ಲ, ಉಳಿದುದೆಲ್ಲವೂ ಅದಕ್ಕೆ ಜೋಡಿಕೊಂಡಿರುವುದರಿಂದ; ಅದರ ಮೇಲೆ ಅಚ್ಚೊತ್ತಿದ ‘ಆರ್.ಎಫ್.ಐ.’ (ರೈಫಲ್ ಫ್ಯಾಕ್ಟರಿ, ಇಶಾಪುರ್) ಎಂಬ ಮೂರು ಅಕ್ಷರಗಳೂ ತಯಾರಾದ ವರ್ಷವೂ ಅರಿಜೋನಾದ ಬಿಸಿಲಿನಲ್ಲಿ ಹಾಗೆಯೇ ಓದಲು ಸಿಗುತ್ತವೆ.