ಫೋಟೊದಲ್ಲಿ ಕಾಣದ ಊರುಗಳು: ಅಮೆರಿಕದ ಪ್ರವಾಸಿ ತಾಣಗಳ ಹಿಂದಿನ ಕತೆ

ಅಮೆರಿಕದಲ್ಲಿ 50 ರಾಜ್ಯಗಳಿವೆ. ಒಂದೊಂದು ರಾಜ್ಯಕ್ಕೂ 'ಅಲ್ಲಿಗೆ ಹೋದರೆ ಇದನ್ನು ನೋಡದೆ ಬರಬೇಡಿ' ಅನ್ನುವ ಒಂದು ಜಾಗವಿದೆ. ನ್ಯೂಯಾರ್ಕ್ ರಾಜ್ಯಕ್ಕೆ ನಯಾಗರ ಜಲಪಾತ, ಅರಿಝೋನಾಕ್ಕೆ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ, ವಯೋಮಿಂಗ್‌ಗೆ ಬಿಸಿನೀರಿನ ಬುಗ್ಗೆಗಳ ಯೆಲ್ಲೋಸ್ಟೋನ್, ದಕ್ಷಿಣ ಡಕೋಟಾಕ್ಕೆ ನಾಲ್ವರು ಅಧ್ಯಕ್ಷರ ಮುಖ ಕೆತ್ತಿದ ಬೆಟ್ಟ, ಫ್ಲೋರಿಡಾಕ್ಕೆ ಡಿಸ್ನಿ ವರ್ಲ್ಡ್. ಮಗ ಅಥವಾ ಮಗಳು ಅಲ್ಲಿ ಕೆಲಸದಲ್ಲಿದ್ದರೆ, ಆರು ತಿಂಗಳಿಗೆಂದು ಹೋದ ಅಪ್ಪ ಅಮ್ಮ ಇವುಗಳಲ್ಲಿ ಒಂದೆರಡನ್ನಾದರೂ ನೋಡಿ ಬರುತ್ತಾರೆ. ಫೋಟೊ ನಮ್ಮ ವಾಟ್ಸಾಪಿಗೂ ಬರುತ್ತದೆ.

ಕನ್ನಡಿಗರಿಗೆ ಈ ಪ್ರವಾಸದ ಕತೆ ಹೊಸದೇನಲ್ಲ. ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರು ಬರೆದ 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳ್ಳಿಯವರ ಕಣ್ಣಿನಿಂದ ಅಮೆರಿಕವನ್ನು ನೋಡುವುದು ಹೇಗೆಂದು ಅವರು ಆಗಲೇ ತೋರಿಸಿಕೊಟ್ಟಿದ್ದರು.

ನಾವು ಇಲ್ಲಿ ಬರೆಯುತ್ತಿರುವುದು ಇನ್ನೊಂದು ಕತೆ. ಈ ಜಾಗಗಳು 'ನೋಡುವ ಜಾಗ' ಆಗುವುದಕ್ಕೆ ಮುಂಚೆ ಏನಾಗಿದ್ದವು? ಅಲ್ಲಿ ಯಾರು ಇದ್ದರು? ಅವರು ಈಗ ಎಲ್ಲಿದ್ದಾರೆ? ಭೂಸ್ವಾಧೀನ, ಪರಿಹಾರ, ಮುಳುಗಡೆ ಎಂದು ದಿನಾ ವರದಿ ಮಾಡುವ ನಮಗೆ ಮೊದಲು ಹೊಳೆಯುವ ಪ್ರಶ್ನೆಗಳು ಇವೇ.

ನೀರಿಗೂ ಟೈಂಟೇಬಲ್ ಇರುವ ಜಲಪಾತ

1825ರಲ್ಲಿ ಈರಿ ಕಾಲುವೆ ಮುಗಿಯಿತು. ನ್ಯೂಯಾರ್ಕ್ ನಗರದ ಕಡೆಯಿಂದ ದೋಣಿಯಲ್ಲೇ ನಯಾಗರದ ಹತ್ತಿರದವರೆಗೆ ಹೋಗಬಹುದಾಯಿತು. ಹಿಂದೆಯೇ ರೈಲು ಬಂತು. ಹೊಸದಾಗಿ ಮದುವೆಯಾದವರು ಹೋಗಲೇಬೇಕಾದ ಜಾಗ ಎಂದು ನಯಾಗರ ಹೆಸರಾಯಿತು.

ಜನ ಬಂದ ಮೇಲೆ ಬೇಲಿಯೂ ಬಂತು. ಅಮೆರಿಕದ ದಡದ ಜಮೀನೆಲ್ಲ ಖಾಸಗಿಯವರ ಕೈಯಲ್ಲಿತ್ತು. ಅವರು ಗೋಡೆ ಕಟ್ಟಿ, ಗೇಟ್ ಹಾಕಿ, ಜಲಪಾತ ನೋಡಲು ಕಾಸು ವಸೂಲಿ ಮಾಡಿದರು. ಮಗ್ಗುಲಲ್ಲೇ ಕಾರ್ಖಾನೆಗಳೂ ಎದ್ದವು. ಇದನ್ನು ಬಿಡಿಸಲು ಉದ್ಯಾನ ತಜ್ಞ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಗೆಳೆಯರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 1885ರಲ್ಲಿ ರಾಜ್ಯ ಸರ್ಕಾರ ಸುಮಾರು 14 ಲಕ್ಷ ಡಾಲರ್ ಪರಿಹಾರ ಕೊಟ್ಟು ಜಮೀನು ಪಡೆದು, ಎಲ್ಲರೂ ಬಿಟ್ಟಿಯಾಗಿ ನೋಡಬಹುದಾದ ಉದ್ಯಾನ ಮಾಡಿತು.

ಆದರೆ ನೀರಿಗೆ ಇನ್ನೊಬ್ಬ ಗಿರಾಕಿ ಇದ್ದ, ವಿದ್ಯುತ್. 1950ರಲ್ಲಿ ಅಮೆರಿಕ ಮತ್ತು ಕೆನಡಾ ಒಪ್ಪಂದ ಮಾಡಿಕೊಂಡವು. ಪ್ರವಾಸಿಗರು ಬರುವ ಕಾಲದಲ್ಲಿ, ಹಗಲಿನ ಹೊತ್ತು ಸೆಕೆಂಡಿಗೆ ಕನಿಷ್ಠ 1 ಲಕ್ಷ ಘನ ಅಡಿ ನೀರು ಜಲಪಾತದಲ್ಲಿ ಬೀಳಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ 50 ಸಾವಿರ ಘನ ಅಡಿ ಸಾಕು, ಉಳಿದದ್ದು ಟರ್ಬೈನಿಗೆ. ಅಂದರೆ ಫೋಟೊದಲ್ಲಿ ಕಾಣುವ ನಯಾಗರದ ಅಬ್ಬರಕ್ಕೆ ಸರ್ಕಾರಿ ವೇಳಾಪಟ್ಟಿ ಇದೆ.

ಆ ವಿದ್ಯುತ್ ಯೋಜನೆಯ ಜಲಾಶಯಕ್ಕೆ ಜಾಗ ಬೇಕಾದಾಗ ಕಣ್ಣು ಬಿದ್ದದ್ದು ಟಸ್ಕರೋರಾ ಎಂಬ ಮೂಲನಿವಾಸಿಗಳ ಜಮೀನಿನ ಮೇಲೆ. ಅವರು ಸುಪ್ರೀಂ ಕೋರ್ಟಿನ ತನಕ ಹೋದರು. 1960ರಲ್ಲಿ ಸೋತರು. ಸುಮಾರು 550 ಎಕರೆ ನೀರಿನಡಿಗೆ ಹೋಯಿತು.

'ಯಾರೂ ಇಲ್ಲದ ಕಾಡು' ಎಂಬ ಮಾತು

ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯನ್ನು ಸಾರ್ವಜನಿಕರಿಗಾಗಿ ಕಾಪಾಡಬೇಕೆಂದು ಅಧ್ಯಕ್ಷ ಲಿಂಕನ್ 1864ರಲ್ಲಿ ಸಹಿ ಹಾಕಿದರು. ಅದಕ್ಕೆ 13 ವರ್ಷ ಹಿಂದೆ, 1851ರಲ್ಲಿ, ಮಾರಿಪೋಸಾ ಬೆಟಾಲಿಯನ್ ಎಂಬ ಶಸ್ತ್ರಧಾರಿ ಪಡೆ ಅದೇ ಕಣಿವೆಗೆ ನುಗ್ಗಿ ಅಹ್ವಾನೀಚೀ ಜನರ ಗುಡಿಸಲುಗಳನ್ನು ಸುಟ್ಟಿತ್ತು. ಚಿನ್ನ ಹುಡುಕುವವರಿಗೆ ಅವರು ಅಡ್ಡವಾಗಿದ್ದರು ಅನ್ನುವುದೇ ಕಾರಣ. ಓಡಿಸಿದರೂ ಕೆಲವರು ಮರಳಿ ಬಂದು, ಹೋಟೆಲುಗಳಲ್ಲಿ ಕೂಲಿ ಮಾಡಿಕೊಂಡು ಉಳಿದರು. ಅವರ ಕೊನೆಯ ಮನೆಗಳನ್ನು ಉದ್ಯಾನದವರು ತೆಗೆದುಹಾಕಿದ್ದು 1969ರಲ್ಲಿ.

1872ರ ಮಾರ್ಚ್ 1ರಂದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಇದನ್ನು ಕರೆಯುತ್ತಾರೆ. ಸುಮಾರು 22 ಲಕ್ಷ ಎಕರೆ. ಹಿಂದಿನ ವರ್ಷ ಸರ್ವೇಗೆ ಹೋದ ತಂಡದಲ್ಲಿ ಥಾಮಸ್ ಮೊರಾನ್ ಎಂಬ ಚಿತ್ರಕಾರ ಮತ್ತು ವಿಲಿಯಂ ಹೆನ್ರಿ ಜಾಕ್ಸನ್ ಎಂಬ ಛಾಯಾಗ್ರಾಹಕ ಇದ್ದರು. ಸಂಸದರ ಮನ ಗೆದ್ದದ್ದರಲ್ಲಿ ಆ ಚಿತ್ರಗಳ ಪಾಲು ದೊಡ್ಡದು. ನಾರ್ದರ್ನ್ ಪೆಸಿಫಿಕ್ ರೈಲು ಕಂಪನಿಯೂ ಬೆನ್ನಿಗೆ ನಿಂತಿತ್ತು. ಜನ ನೋಡಲು ಹೋಗುವ ಜಾಗವಿದ್ದರೆ ತಾನೇ ಟಿಕೆಟ್ ಮಾರಾಟವಾಗುವುದು?

ಅಲ್ಲಿ ಯಾರೂ ಇರಲಿಲ್ಲ ಎಂಬುದು ಮುಂದೆ ಹಬ್ಬಿಸಿದ ಮಾತು. ಬೆಟ್ಟದ ಕುರಿಗಳನ್ನು ಬೇಟೆಯಾಡಿ ಬದುಕುತ್ತಿದ್ದ ಶೋಶೋನಿ ಜನರ ಗುಂಪು ಅಲ್ಲೇ ವಾಸವಿತ್ತು. ಬೇರೆ ಹಲವು ಬುಡಕಟ್ಟುಗಳಿಗೆ ಅದು ಬೇಟೆಯ ಜಾಗ, ದಾರಿ, ಪೂಜೆಯ ಸ್ಥಳ. 1877ರಲ್ಲಿ ಸೈನ್ಯದಿಂದ ತಪ್ಪಿಸಿಕೊಂಡು ಓಡುತ್ತಿದ್ದ ನೆಝ್ ಪರ್ಸ್ ಜನ ಇದೇ ಉದ್ಯಾನದ ಮೂಲಕ ಹಾದು ಹೋದರು. ಅವರ ಕೈಗೆ ಸಿಕ್ಕಿಬಿದ್ದವರು ಬುಗ್ಗೆ ನೋಡಲು ಬಂದಿದ್ದ ಪ್ರವಾಸಿಗರು. ಒಂದೇ ಕಾಡಿನಲ್ಲಿ ಒಬ್ಬರು ವಿಹಾರಕ್ಕೆ ಬಂದಿದ್ದರು, ಇನ್ನೊಬ್ಬರು ಜೀವ ಉಳಿಸಿಕೊಳ್ಳಲು ಓಡುತ್ತಿದ್ದರು.

ಗ್ರ್ಯಾಂಡ್ ಕ್ಯಾನ್ಯನ್ ಕತೆಯೂ ಹೀಗೇ ಶುರುವಾಗುತ್ತದೆ. 1901ರಲ್ಲಿ ಸಾಂಟಾ ಫೆ ರೈಲು ಕಣಿವೆಯ ಅಂಚಿನವರೆಗೆ ಬಂತು. 1905ರಲ್ಲಿ ದೊಡ್ಡ ಹೋಟೆಲ್ ಎದ್ದಿತು. 1919ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಣಿವೆಯೊಳಗೆ ಬೇಸಾಯ ಮಾಡಿ, ಚಳಿಗಾಲದಲ್ಲಿ ಮೇಲಿನ ಬಯಲಿಗೆ ಹೋಗುತ್ತಿದ್ದ ಹವಸುಪೈ ಜನಕ್ಕೆ ಉಳಿದದ್ದು ತಳದ ಒಂದು ಸಣ್ಣ ತುಂಡು ನೆಲ. ಆದರೆ ಅವರು ಅರ್ಜಿ ಹಾಕುವುದನ್ನು ಬಿಡಲಿಲ್ಲ. 1975ರಲ್ಲಿ ಸರ್ಕಾರ ಅವರಿಗೆ ಸುಮಾರು 1 ಲಕ್ಷ 85 ಸಾವಿರ ಎಕರೆ ಹಿಂತಿರುಗಿಸಿತು. ಹೋದ ಭೂಮಿ ಮತ್ತೆ ಬಂದ ಅಪರೂಪದ ಉದಾಹರಣೆ ಇದು. ಇಂದು ಅವರ ಹವಸು ಜಲಪಾತ ನೋಡಬೇಕಾದರೆ ಆ ಬುಡಕಟ್ಟಿನವರಿಂದಲೇ ಪರವಾನಗಿ ಪಡೆಯಬೇಕು.

ಹಣ ಬ್ಯಾಂಕಿನಲ್ಲಿದೆ, ಮುಟ್ಟಿಲ್ಲ

ದಕ್ಷಿಣ ಡಕೋಟಾದ ಮೌಂಟ್ ರಶ್‌ಮೋರ್ ಬೆಟ್ಟವನ್ನು ನೀವು ನೋಡಿರುತ್ತೀರಿ. ವಾಷಿಂಗ್ಟನ್, ಜೆಫರ್ಸನ್, ರೂಸ್‌ವೆಲ್ಟ್, ಲಿಂಕನ್, ಒಂದೊಂದು ಮುಖ 60 ಅಡಿ. 1923ರಲ್ಲಿ ರಾಜ್ಯದ ಇತಿಹಾಸಕಾರ ಡೋನ್ ರಾಬಿನ್ಸನ್ ಈ ಯೋಚನೆ ತಂದಾಗ ಉದ್ದೇಶ ನೇರವಾಗಿತ್ತು: ತಮ್ಮ ರಾಜ್ಯಕ್ಕೆ ಪ್ರವಾಸಿಗರನ್ನು ಎಳೆಯುವುದು. ಶಿಲ್ಪಿ ಗಟ್ಸನ್ ಬೋರ್ಗ್ಲಮ್ 1927ರಲ್ಲಿ ಕೆಲಸ ಶುರು ಮಾಡಿದರು. ಸುಮಾರು 400 ಕೆಲಸಗಾರರು ದುಡಿದರು. 1941ರಲ್ಲಿ ಕೆಲಸ ನಿಂತಿತು.

ಆ ಬೆಟ್ಟಕ್ಕೆ ಲಕೋಟ ಜನ ಇಟ್ಟ ಹೆಸರು 'ಆರು ಅಜ್ಜಂದಿರು'. ಸುತ್ತಲಿನ ಬ್ಲ್ಯಾಕ್ ಹಿಲ್ಸ್ ಇಡೀ ಅವರಿಗೆ ಸೇರಿದ್ದೆಂದು 1868ರಲ್ಲಿ ಸರ್ಕಾರವೇ ಒಪ್ಪಂದಕ್ಕೆ ಸಹಿ ಹಾಕಿತ್ತು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. 1877ರಲ್ಲಿ ಬೆಟ್ಟ ಸರ್ಕಾರದ್ದಾಯಿತು.

ನೂರು ವರ್ಷ ಕಳೆದ ಮೇಲೆ, 1980ರಲ್ಲಿ, ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನ್ಯಾಯವಾದ ಪರಿಹಾರ ಕೊಡದೆ ಭೂಮಿ ಕಿತ್ತುಕೊಂಡದ್ದು ನಿಜ, ಬಡ್ಡಿ ಸೇರಿಸಿ ಕೊಡಿ ಎಂದಿತು. ಮೊತ್ತ ಸುಮಾರು 10.5 ಕೋಟಿ ಡಾಲರ್. ಲಕೋಟ ಮತ್ತು ಇತರ ಸೂ ಜನ ಹಣ ಬೇಡವೆಂದರು. ಹಣ ಮುಟ್ಟಿದರೆ ಮಾರಿದ ಹಾಗಾಗುತ್ತದೆ, ನಮಗೆ ಬೇಕಿರುವುದು ಬೆಟ್ಟ, ಅನ್ನುವುದು ಅವರ ನಿಲುವು. ಬಡ್ಡಿ ಬೆಳೆದು ಆ ಮೊತ್ತ ಇಂದು 100 ಕೋಟಿ ಡಾಲರ್ ದಾಟಿದೆ. ಅವರ ಊರುಗಳು ಅಮೆರಿಕದ ಅತಿ ಬಡ ಊರುಗಳ ಪಟ್ಟಿಯಲ್ಲಿವೆ. ಆದರೂ ಮುಟ್ಟಿಲ್ಲ.

ಪರಿಹಾರದ ಚೆಕ್ ತೆಗೆದುಕೊಳ್ಳಬೇಕೋ ಬೇಡವೋ ಎಂದು ರಾತ್ರಿಯೆಲ್ಲ ಕೂತು ಮಾತಾಡಿದ ಮನೆಯವರಿಗೆ ಇದರ ಭಾರ ಎಷ್ಟೆಂದು ನಾವು ಹೇಳಬೇಕಿಲ್ಲ.

ರೈತರೂ ಹೋದರು

ಮೂಲನಿವಾಸಿಗಳಷ್ಟೇ ಹೋದರು ಎಂದುಕೊಂಡರೆ ಕತೆ ಅರ್ಧವಾಗುತ್ತದೆ. ಅಮೆರಿಕದಲ್ಲಿ ಅತಿ ಹೆಚ್ಚು ಜನ ಹೋಗುವ ರಾಷ್ಟ್ರೀಯ ಉದ್ಯಾನ ಗ್ರೇಟ್ ಸ್ಮೋಕಿ ಪರ್ವತಗಳದ್ದು. ಟೆನೆಸಿ ಮತ್ತು ಉತ್ತರ ಕ್ಯಾರೊಲಿನಾ ರಾಜ್ಯಗಳ ಗಡಿಯಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 1.2 ಕೋಟಿ ಭೇಟಿ.

ಇದು 1934ರಲ್ಲಿ ಆದ ಉದ್ಯಾನ. ಜಮೀನು ಕೊಳ್ಳಲು ರಾಕ್‌ಫೆಲ್ಲರ್ ಕುಟುಂಬ 50 ಲಕ್ಷ ಡಾಲರ್ ಕೊಟ್ಟಿತು. ಶಾಲಾ ಮಕ್ಕಳೂ ಚಿಲ್ಲರೆ ಕೂಡಿಸಿ ಕೊಟ್ಟರು. ಆದರೆ ಅಲ್ಲಿ ಜೋಳ ಬೆಳೆದು, ದನ ಸಾಕಿಕೊಂಡಿದ್ದ ಬಿಳಿಯ ರೈತ ಕುಟುಂಬಗಳು ಸಾವಿರಕ್ಕೂ ಹೆಚ್ಚಿದ್ದವು. ಕೇಡ್ಸ್ ಕೋವ್ ಎಂಬ ಕಣಿವೆಯ ರೈತ ಜಾನ್ ಆಲಿವರ್ ಕೋರ್ಟಿಗೆ ಹೋಗಿ ಸೋತರು. ಇಂದು ಆ ಕಣಿವೆಯಲ್ಲಿ ಕೆಲವು ಹಳೆಯ ಮರದ ಮನೆ, ಚರ್ಚ್, ಗಿರಣಿ ಉಳಿಸಿದ್ದಾರೆ. ಪ್ರವಾಸಿಗರು ಕಾರಿನಲ್ಲಿ ಸುತ್ತು ಹಾಕಿ ನೋಡುತ್ತಾರೆ. ಮನೆಯಿದೆ, ಮನೆಯವರಿಲ್ಲ.

ಉತ್ತರ ಕ್ಯಾರೊಲಿನಾ ಕಡೆ ಇನ್ನೂ ನೋವಿನ ಕತೆಯಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿದ್ಯುತ್ತಿಗಾಗಿ ಫಾಂಟಾನಾ ಅಣೆಕಟ್ಟು ಕಟ್ಟಿದರು. ಊರುಗಳ ಜೊತೆ ರಸ್ತೆಯೂ ಮುಳುಗಿತು. ಹಿನ್ನೀರಿನ ಆಚೆ ಉಳಿದ ಬೆಟ್ಟದ ಜಮೀನು ಉದ್ಯಾನಕ್ಕೆ ಸೇರಿತು. ಹಿರಿಯರ ಸಮಾಧಿಗಳು ಆಚೆ ದಡದಲ್ಲೇ ಉಳಿದವು. 1943ರಲ್ಲಿ ಸರ್ಕಾರ ಬರವಣಿಗೆಯಲ್ಲಿ ಮಾತು ಕೊಟ್ಟಿತು: ಯುದ್ಧ ಮುಗಿದ ಮೇಲೆ ಹೊಸ ರಸ್ತೆ ಮಾಡಿಕೊಡುತ್ತೇವೆ.

ಏಳು ಮೈಲಿಯಷ್ಟು ರಸ್ತೆ, ಒಂದು ಸುರಂಗ ಆಯಿತು. 1970ರ ದಶಕದ ಆರಂಭದಲ್ಲಿ ಕೆಲಸ ನಿಂತಿತು. ಕಡಿದ ಬಂಡೆಯಿಂದ ಆಮ್ಲ ಸೋರಿ ಹೊಳೆ ಕೆಡುತ್ತದೆ ಅನ್ನುವುದು ಒಂದು ಕಾರಣ. ಜನ ಅದಕ್ಕೆ 'ಎಲ್ಲಿಗೂ ಹೋಗದ ರಸ್ತೆ' ಎಂದು ಹೆಸರಿಟ್ಟರು. 2010ರಲ್ಲಿ ರಸ್ತೆಯ ಬದಲು ಆ ಕೌಂಟಿಗೆ 5.2 ಕೋಟಿ ಡಾಲರ್ ಕೊಡುವುದೆಂದು ತೀರ್ಮಾನವಾಯಿತು. ಇವತ್ತಿಗೂ ಉದ್ಯಾನದವರು ವರ್ಷದಲ್ಲಿ ಕೆಲವು ದಿನ ದೋಣಿ ಬಿಡುತ್ತಾರೆ. ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಹೂವು ಹಿಡಿದು ಹಿನ್ನೀರು ದಾಟಿ ಸಮಾಧಿಗಳಿಗೆ ಹೋಗಿ ಬರುತ್ತಾರೆ.

ನೋಡಲು ಎಲ್ಲರಿಗೂ ಬಿಡುತ್ತಿದ್ದರೇ?

ಕಾರು ಬಂದ ಮೇಲೆ ಪ್ರವಾಸ ಎಲ್ಲರಿಗೂ ದಕ್ಕಿತು ಎನ್ನುತ್ತಾರೆ. ಕಪ್ಪು ಜನರಿಗೆ ಹಾಗಿರಲಿಲ್ಲ. ದಾರಿಯ ಎಷ್ಟೋ ಹೋಟೆಲುಗಳಲ್ಲಿ ಅವರಿಗೆ ಊಟ, ಹಾಸಿಗೆ ಸಿಗುತ್ತಿರಲಿಲ್ಲ. ಪೆಟ್ರೋಲ್ ಬಂಕಿನ ಶೌಚಾಲಯಕ್ಕೂ ಬಿಡುತ್ತಿರಲಿಲ್ಲ. 1936ರಲ್ಲಿ ನ್ಯೂಯಾರ್ಕಿನ ಹಾರ್ಲೆಂನ ಅಂಚೆ ಪೇದೆ ವಿಕ್ಟರ್ ಗ್ರೀನ್ ಒಂದು ಪುಸ್ತಕ ತಂದರು. ಕಪ್ಪು ಪ್ರಯಾಣಿಕರಿಗೆ ಎಲ್ಲಿ ಉಳಿಯಲು ಬಿಡುತ್ತಾರೆ, ಎಲ್ಲಿ ಊಟ ಸಿಗುತ್ತದೆ ಎಂಬ ವಿಳಾಸಗಳ ಪಟ್ಟಿ. 'ಗ್ರೀನ್ ಬುಕ್' ಎಂದೇ ಹೆಸರಾದ ಅದು ಸುಮಾರು 30 ವರ್ಷ ನಡೆಯಿತು. ವರ್ಜೀನಿಯಾದ ಶೆನಂಡೋವಾ ರಾಷ್ಟ್ರೀಯ ಉದ್ಯಾನದಲ್ಲಿ ಕಪ್ಪು ಜನರಿಗೆಂದೇ ಬೇರೆ ಜಾಗ ಮಾಡಿದ್ದರು. ಹೋಟೆಲುಗಳಲ್ಲಿ ಬಣ್ಣ ನೋಡಿ ಹೊರಗಿಡುವುದು ದೇಶದ ಕಾನೂನಿಗೆ ವಿರುದ್ಧವಾದದ್ದು 1964ರಲ್ಲಿ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ಕಾಲವನ್ನು ಕಂಡ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಮೀನು ಕೊಂಡವರು ಯಾರು?

ಫ್ಲೋರಿಡಾದ ಕತೆ ಬೇರೆ ತರಹದ್ದು. 1960ರ ದಶಕದಲ್ಲಿ ಒರ್ಲ್ಯಾಂಡೊ ಸುತ್ತಮುತ್ತ ಯಾರೋ ಸದ್ದಿಲ್ಲದೆ ಜಮೀನು ಕೊಳ್ಳತೊಡಗಿದರು. ಜೌಗು ನೆಲ, ದನ ಮೇಯುವ ಬಯಲು. ಕೊಳ್ಳುವ ಕಂಪನಿಗಳ ಹೆಸರು ಯಾರೂ ಕೇಳಿದ್ದಲ್ಲ. ಬೆಲೆ ಎಕರೆಗೆ ಸರಾಸರಿ 200 ಡಾಲರಿಗೂ ಕಡಿಮೆ. ಒಟ್ಟು ಸುಮಾರು 27 ಸಾವಿರ ಎಕರೆ. 1965ರಲ್ಲಿ ಅಲ್ಲಿಯ ಪತ್ರಿಕೆಯ ವರದಿಗಾರ್ತಿ ಎಮಿಲಿ ಬವಾರ್ ಕ್ಯಾಲಿಫೋರ್ನಿಯಾದಲ್ಲಿ ವಾಲ್ಟ್ ಡಿಸ್ನಿಯವರನ್ನೇ ಕೇಳಿಬಿಟ್ಟರು, ಕೊಳ್ಳುತ್ತಿರುವವರು ನೀವೇನಾ ಎಂದು. ಡಿಸ್ನಿ ಒಪ್ಪಲಿಲ್ಲ. ಆದರೆ ಫ್ಲೋರಿಡಾದ ಬಗ್ಗೆ ಅವರಿಗೆ ಬೇಕಾದ್ದಕ್ಕಿಂತ ಹೆಚ್ಚು ಗೊತ್ತಿರುವುದು ಎಮಿಲಿಗೆ ತಿಳಿಯಿತು. ಸುದ್ದಿ ಹೊರಬಿದ್ದ ಮೇಲೆ ಜಮೀನಿನ ಬೆಲೆ ಆಕಾಶಕ್ಕೇರಿತು. ಅಷ್ಟರಲ್ಲಿ ಮಾರಿದವರು ಮಾರಿಯಾಗಿತ್ತು. ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ಬಾಗಿಲು ತೆರೆಯಿತು.

ಅಲ್ಲಿಂದ ಇಲ್ಲಿಗೆ

ಯೆಲ್ಲೋಸ್ಟೋನ್‌ನಲ್ಲಿ ಶುರುವಾದ 'ರಾಷ್ಟ್ರೀಯ ಉದ್ಯಾನ' ಅನ್ನುವ ಯೋಚನೆ ಅಲ್ಲೇ ನಿಲ್ಲಲಿಲ್ಲ. ಪ್ರಪಂಚ ಸುತ್ತಿ ನಮ್ಮಲ್ಲಿಗೂ ಬಂತು. ನಾಗರಹೊಳೆಯ ಹೆಸರಿನ ಜೊತೆ ಇರುವುದು ಅದೇ ಎರಡು ಪದ. ಅದರಿಂದ ಹುಲಿ ಉಳಿದಿದೆ, ಆನೆ ಉಳಿದಿದೆ, ಅದು ಸುಳ್ಳಲ್ಲ. ಕಾಡಿನೊಳಗಿದ್ದ ಜೇನುಕುರುಬರ, ಬೆಟ್ಟಕುರುಬರ, ಯರವರ ಹಾಡಿಗಳನ್ನು ಎಬ್ಬಿಸಿದ್ದೂ ಸುಳ್ಳಲ್ಲ. ಅದೇ ಕಾಡಿನೊಳಗೆ ಪ್ರವಾಸಿಗರಿಗಾಗಿ ಏಳುತ್ತಿದ್ದ ಹೋಟೆಲನ್ನು ಆದಿವಾಸಿಗಳು ಹೈಕೋರ್ಟಿಗೆ ಹೋಗಿ 1997ರಲ್ಲಿ ನಿಲ್ಲಿಸಿದರು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಅರ್ಜಿ ಹಿಡಿದು ಅಲೆಯುವುದು ತಪ್ಪಿಲ್ಲ.

ಪ್ರವಾಸ ಬೇಡ ಎಂದು ನಾವು ಹೇಳುತ್ತಿಲ್ಲ. ನಯಾಗರದ ಬೇಲಿ ಕಿತ್ತವರೂ ಪ್ರವಾಸಿಗರ ಪರವೇ ಇದ್ದರು. ಹವಸುಪೈ ಜನ ಇಂದು ಬದುಕುವುದರಲ್ಲಿ ಪ್ರವಾಸಿಗರ ದುಡ್ಡಿನ ಪಾಲು ದೊಡ್ಡದು. ವ್ಯತ್ಯಾಸ ಇರುವುದು ಭೂಮಿ ಯಾರ ಹೆಸರಿನಲ್ಲಿದೆ, ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದರಲ್ಲಿ.

ಆದ್ದರಿಂದ ನಿಮ್ಮ ಊರಿನ ಗುಡ್ಡಕ್ಕೋ ಕೆರೆಗೋ ಜಲಪಾತಕ್ಕೋ 'ಪ್ರವಾಸಿ ತಾಣ' ಎಂಬ ಬೋರ್ಡು ಬರುವ ಮಾತು ಕೇಳಿದರೆ, ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಪಹಣಿಯಲ್ಲಿ ಯಾರ ಹೆಸರು ಬರುತ್ತದೆ? ದನ ಮೇಯಿಸುವ ದಾರಿ, ದೇವರ ಬನದ ದಾರಿ, ಸ್ಮಶಾನದ ದಾರಿ ತೆರೆದಿರುತ್ತದೆಯೇ? ಕೊಟ್ಟ ಮಾತನ್ನು ಯಾವ ಕಾಗದದಲ್ಲಿ, ಯಾವ ತಾರೀಖಿನೊಳಗೆ ಎಂದು ಬರೆದಿದ್ದಾರೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಫಾಂಟಾನಾ ಜನರ ಹತ್ತಿರ 1943ರ ಕಾಗದ ಇದ್ದದ್ದರಿಂದಲೇ, ತಡವಾಗಿಯಾದರೂ, ಸರ್ಕಾರ ಅವರಿಗೆ ಲೆಕ್ಕ ಕೊಡಬೇಕಾಯಿತು.