ಸನ್ನದಿಲ್ಲದ ವೃತ್ತಿ, ಕಾನೂನಿನ ಪದವಿ: ಅಮೆರಿಕದ ಲಾಬಿಗಾರರ ವಿದ್ಯಾರ್ಹತೆಯ ಚರಿತ್ರೆ

ಶಾಸನಸಭೆಯ ಸದಸ್ಯರನ್ನೋ ಸರ್ಕಾರದ ಅಧಿಕಾರಿಗಳನ್ನೋ ಕಂಡು, ಒಂದು ಉದ್ಯಮದ, ಸಂಸ್ಥೆಯ ಅಥವಾ ಜನವರ್ಗದ ಪರವಾಗಿ ಮಸೂದೆಯೊಂದು ಅಂಗೀಕಾರವಾಗುವಂತೆಯೋ ಬಿದ್ದುಹೋಗುವಂತೆಯೋ ಅವರ ಮನವೊಲಿಸುವ ಕೆಲಸಕ್ಕೆ ಲಾಬಿ ಎಂದು ಹೆಸರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಕೆಲಸಕ್ಕೆ ಸಂವಿಧಾನದ ಆಸರೆಯೇ ಇದೆ. 1791ರಲ್ಲಿ ಜಾರಿಗೆ ಬಂದ ಮೊದಲ ತಿದ್ದುಪಡಿಯು ಸರ್ಕಾರಕ್ಕೆ ಅಹವಾಲು ಸಲ್ಲಿಸುವುದನ್ನು ಪ್ರಜೆಗಳ ಹಕ್ಕೆಂದು ಸಾರಿತು. ವೈದ್ಯನಿಗೂ ವಕೀಲನಿಗೂ ಪರೀಕ್ಷೆ ಮತ್ತು ಸನ್ನದು ಕಡ್ಡಾಯವಾಗಿರುವ ಆ ದೇಶದಲ್ಲಿ ಒಕ್ಕೂಟದ ಕಾನೂನು ಲಾಬಿಗಾರನಿಂದ ಇಂಥ ಅರ್ಹತೆಯನ್ನು ಎಂದೂ ಕೇಳಲಿಲ್ಲ. ಹಾಗಿದ್ದೂ ಈ ವೃತ್ತಿಯಲ್ಲಿ ಮೇಲೇರಬಯಸಿದ ಅನೇಕರು ಕಾನೂನು ಪದವಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ, ಯಾವುದು ಗೌರವದ ಕೆಲಸ, ಯಾವುದು ಅಲ್ಲ ಎಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯಾಯಾಲಯವೊಂದು ಗೆರೆ ಎಳೆದು ತೋರಿಸಿದ್ದರಲ್ಲಿದೆ.

ಆ ಗೆರೆ ಬೀಳುವ ಮುನ್ನ ಲಾಬಿಗಾರನ ಬಂಡವಾಳ ಪರಿಚಯ ಮತ್ತು ಆತಿಥ್ಯಗಳಾಗಿದ್ದವು. ಬಂದೂಕು ತಯಾರಕ ಸ್ಯಾಮ್ಯುಯೆಲ್ ಕೋಲ್ಟ್ ತಮ್ಮ ಪೇಟೆಂಟಿನ ಅವಧಿಯನ್ನು ವಿಸ್ತರಿಸಿಕೊಳ್ಳಲು ನಡೆಸಿದ ಪ್ರಯತ್ನದಲ್ಲಿ ಪಿಸ್ತೂಲುಗಳು ಉಡುಗೊರೆಯಾಗಿ ಹಂಚಿಹೋದ ಸಂಗತಿಯನ್ನು 1854ರಲ್ಲಿ ಪ್ರತಿನಿಧಿ ಸಭೆಯ ಸಮಿತಿಯೇ ವಿಚಾರಣೆಗೆ ಎತ್ತಿಕೊಂಡಿತು. ಅಂತರ್ಯುದ್ಧದ ನಂತರದ ವಾಷಿಂಗ್ಟನ್ನಿನಲ್ಲಿ ‘ಲಾಬಿಯ ದೊರೆ’ ಎನಿಸಿಕೊಂಡ ಸ್ಯಾಮ್ ವಾರ್ಡ್ ತಮ್ಮ ಮನೆಯ ಔತಣದ ಮೇಜಿನ ಸುತ್ತಲೇ ವ್ಯವಹಾರ ಕುದುರಿಸುತ್ತಿದ್ದರು. ಅವರು ಓದಿಕೊಂಡವರು, ಹಲವು ಭಾಷೆ ಬಲ್ಲವರು, ಆದರೆ ಆ ವಿದ್ಯೆ ಊಟದ ಹೊತ್ತಿನ ಮಾತಿಗೆ ಸೊಗಸು ತಂದಿತೇ ಹೊರತು ಮಸೂದೆಯ ಒಂದು ಕಲಮನ್ನೂ ತಿದ್ದಲಿಲ್ಲವೆಂದೇ ಹೇಳಬೇಕು.

ಇಂಥ ವಾತಾವರಣದಲ್ಲಿ ಟ್ರಿಸ್ಟ್ ಮತ್ತು ಚೈಲ್ಡ್ ನಡುವಣ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ನಿಕೊಲಸ್ ಟ್ರಿಸ್ಟ್ 1848ರಲ್ಲಿ ಮೆಕ್ಸಿಕೋ ಜೊತೆಗಿನ ಯುದ್ಧವನ್ನು ಮುಗಿಸಿದ ಗ್ವಾಡಲೂಪ್ ಹಿಡಾಲ್ಗೋ ಒಪ್ಪಂದವನ್ನು ಮಾತುಕತೆಯಿಂದ ಕುದುರಿಸಿದ ರಾಜತಾಂತ್ರಿಕ. ಆದರೆ ಆ ಸೇವೆಗೆ ಸಲ್ಲಬೇಕಾದ ಹಣ ಅವರಿಗೆ ಸುಮಾರು ಎರಡು ದಶಕ ಕಳೆದರೂ ಬಂದಿರಲಿಲ್ಲ. ಅದನ್ನು ಕಾಂಗ್ರೆಸ್ಸಿನಿಂದ, ಅಂದರೆ ಅಲ್ಲಿನ ಸಂಸತ್ತಿನಿಂದ, ಮಂಜೂರು ಮಾಡಿಸಿಕೊಡಲು ಅವರು ಬಾಸ್ಟನ್ನಿನ ವಕೀಲ ಲೈನಸ್ ಚೈಲ್ಡ್ ಅವರನ್ನು ಗೊತ್ತುಮಾಡಿಕೊಂಡು, ಬಂದ ಹಣದಲ್ಲಿ ಕಾಲುಭಾಗ ಕೊಡುವುದಾಗಿ ಒಪ್ಪಿದರು. ಚೈಲ್ಡ್ ತೀರಿಕೊಂಡ ಮೇಲೆ ಅವರ ಮಗ ಕೆಲಸ ಮುಂದುವರಿಸಿದರು, 1871ರಲ್ಲಿ 14,559 ಡಾಲರ್ ಮಂಜೂರಾಯಿತು, ಆದರೆ ಟ್ರಿಸ್ಟ್ ಪಾಲು ಕೊಡಲಿಲ್ಲ. ಸ್ನೇಹಿತರಿಂದ ಕಾಂಗ್ರೆಸ್ ಸದಸ್ಯರಿಗೆ ಕಾಗದ ಬರೆಸಬೇಕೆಂದು, ಒಂದೊಂದು ಮತವೂ ಮುಖ್ಯವೆಂದು ಮಗ ಟ್ರಿಸ್ಟರಿಗೆ ಬರೆದಿದ್ದ ಪತ್ರ ದಾಖಲೆಯಾಗಿ ಹಾಜರಾಗಿತ್ತು. ನ್ಯಾಯಮೂರ್ತಿ ಸ್ವೇಯ್ನ್ ಬರೆದ ತೀರ್ಪು ಕರಾರನ್ನೇ ಅಸಿಂಧುಗೊಳಿಸಿತು. ಅರ್ಜಿಯನ್ನು ಬರೆದುಕೊಡುವುದು, ಸಾಕ್ಷ್ಯ ಸಂಗ್ರಹಿಸುವುದು, ವಾದವನ್ನು ಸಿದ್ಧಪಡಿಸಿ ಸಮಿತಿಯ ಮುಂದೆ ಮಂಡಿಸುವುದು ಇವೆಲ್ಲ ಬುದ್ಧಿಯನ್ನು ಉದ್ದೇಶಿಸಿದ ಸೇವೆಗಳಾದ್ದರಿಂದ ಅವುಗಳಿಗೆ ಶುಲ್ಕ ಪಡೆಯುವುದು ನ್ಯಾಯವೆಂದೂ, ಸದಸ್ಯರನ್ನು ಖಾಸಗಿಯಾಗಿ ಕಂಡು ವೈಯಕ್ತಿಕ ಪ್ರಭಾವ ಬೀರಲು ಹಣ ಗೊತ್ತುಮಾಡುವುದು ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದೂ, ಎರಡೂ ಬೆರೆತ ಕರಾರಿನಡಿ ಏನನ್ನೂ ವಸೂಲು ಮಾಡಲಾಗದೆಂದೂ ನ್ಯಾಯಾಲಯ ಹೇಳಿತು. ಸೇವೆ ಮಾಡಿದವರು ವಕೀಲರೇ ಆಗಿದ್ದರೂ ಪದವಿ ಅವರನ್ನು ಉಳಿಸಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಗೌರವ ಸಂದದ್ದು ಕೆಲಸದ ಬಗೆಗೆ. ಆದರೆ ಗೌರವಕ್ಕೆ ಪಾತ್ರವಾದ ಆ ಕೆಲಸಗಳೆಲ್ಲ ಕಾನೂನು ಕಲಿತವರಿಗೆ ಕೈಬಂದ ಕೆಲಸಗಳೇ ಆಗಿದ್ದವು.

ರಾಜ್ಯಗಳು ಈ ಭೇದವನ್ನು ಬೇಗನೆ ಶಾಸನಕ್ಕೆ ಇಳಿಸಿದವು. ಜಾರ್ಜಿಯಾ 1877ರ ತನ್ನ ಸಂವಿಧಾನದಲ್ಲಿ ಲಾಬಿಯನ್ನು ಅಪರಾಧವೆಂದೇ ಘೋಷಿಸಿತು. ಮ್ಯಾಸಚೂಸೆಟ್ಸ್ 1890ರಲ್ಲಿ ನೋಂದಣಿಯ ದಾರಿ ಹಿಡಿದು, ಸಮಿತಿಗಳ ಬಹಿರಂಗ ವಿಚಾರಣೆಯಲ್ಲಿ ವಾದಿಸುವ ಶಾಸನ ವಕೀಲರಿಗೆ ಒಂದು ಪಟ್ಟಿಯನ್ನೂ, ಉಳಿದ ಬಗೆಯಲ್ಲಿ ಶಾಸಕರ ಮೇಲೆ ಪ್ರಭಾವ ಬೀರುವ ಏಜೆಂಟರಿಗೆ ಇನ್ನೊಂದು ಪಟ್ಟಿಯನ್ನೂ ತೆರೆಯಿತು.

ಈ ಹಿನ್ನೆಲೆಯಲ್ಲಿ ಪದವಿಯ ಆಯ್ಕೆ ಉದ್ದೇಶಪೂರ್ವಕವಾಗಿ ನಡೆದುದಕ್ಕೆ ವೇಯ್ನ್ ವೀಲರ್ ಅವರಷ್ಟು ಸ್ಪಷ್ಟವಾದ ನಿದರ್ಶನ ಬೇರೆ ಸಿಗಲಾರದು. ಓಬರ್ಲಿನ್ ಕಾಲೇಜಿನಿಂದ ಹೊರಬಂದೊಡನೆ ಮದ್ಯವಿರೋಧಿ ಸಂಘಟನೆಯಾದ ಆಂಟಿ ಸಲೂನ್ ಲೀಗನ್ನು ಸೇರಿದ ಅವರು ಓಹಾಯೋದಲ್ಲಿ ಸೈಕಲ್ ಮೇಲೆ ಊರೂರು ತಿರುಗಿ ಮತ ಕೂಡಿಹಾಕುತ್ತಿದ್ದರು. ಲೀಗಿಗೆ ತನ್ನದೇ ವಕೀಲರೊಬ್ಬರು ಬೇಕಾದಾಗ ಈ ದುಡಿಮೆಯ ನಡುವೆಯೇ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಓದಿ 1898ರಲ್ಲಿ ಕಾನೂನು ಪದವಿ ಪಡೆದರು. ಹೋರಾಟಗಾರರು ಬೀದಿಯಲ್ಲಿ ಕೂಗುವುದನ್ನು ಕಾನೂನಿನ ಮಾತಿಗೆ ತಿರುಗಿಸಿ ಶಾಸಕರ ಮೇಜಿನ ಮೇಲಿಡಲು ಆ ಪದವಿ ಅವರಿಗೆ ನೆರವಾಯಿತು. 1905ರಲ್ಲಿ ಓಹಾಯೋದ ರಾಜ್ಯಪಾಲ ಮೈರನ್ ಹೆರಿಕ್ ಅವರನ್ನು ಚುನಾವಣೆಯಲ್ಲಿ ಸೋಲಿಸಿದ ಹಾಗೂ 1919ರಲ್ಲಿ ಪಾನನಿಷೇಧದ ಹದಿನೆಂಟನೆಯ ತಿದ್ದುಪಡಿಯನ್ನು ಸ್ಥಿರೀಕರಿಸುವಂತೆ ಮಾಡಿದ ಶಕ್ತಿಗಳಲ್ಲಿ ಅವರ ಲೀಗು ಪ್ರಮುಖವಾದುದು. ಪಾನನಿಷೇಧ ಮುಂದೆ ರದ್ದಾದರೂ, ಒಂದು ಸಂಘಟನೆಯು ತನ್ನ ಕಾರ್ಯಕರ್ತನ ವಿದ್ಯೆಯಿಂದ ಎಷ್ಟು ಬಲ ಪಡೆಯಬಹುದೆಂಬುದನ್ನು ಅದು ತೋರಿಸಿಕೊಟ್ಟಿತು.

ಆಲಿಸ್ ಪಾಲ್ ಅವರ ಆಯ್ಕೆ ಇನ್ನೂ ಹೆಚ್ಚು ಗಮನಾರ್ಹ. ಮಹಿಳಾ ಮತಾಧಿಕಾರಕ್ಕಾಗಿ ಹೋರಾಡಿದ ಅವರ ಪಕ್ಷವು ಕಾಂಗ್ರೆಸ್ಸಿನ ಸದಸ್ಯರ ಒಲವು, ಹಿನ್ನೆಲೆ, ಹಿಂದಿನ ಮತಗಳನ್ನು ಕಾರ್ಡುಗಳಲ್ಲಿ ಬರೆದಿಟ್ಟುಕೊಂಡು ಲಾಬಿ ಮಾಡುತ್ತಿತ್ತು, ಆ ಕೆಲಸಕ್ಕೆ ಯಾವ ಪದವಿಯೂ ಬೇಕಿರಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡಾಕ್ಟರೇಟ್ 1912ರಲ್ಲೇ ಕೈಸೇರಿದ್ದರೂ, ಮತದ ಹಕ್ಕು ದೊರೆತ ಮೇಲೆ ಹೋರಾಟ ಕಾನೂನಿನ ಒಳಗಣ ಅಸಮಾನತೆಯತ್ತ ತಿರುಗಿದಾಗ, ಮಹಿಳೆಯರೇ ಸ್ಥಾಪಿಸಿದ್ದ ವಾಷಿಂಗ್ಟನ್ ಕಾಲೇಜ್ ಆಫ್ ಲಾದಿಂದ 1922ರಲ್ಲಿ ಅವರು ಕಾನೂನು ಪದವಿ ಪಡೆದರು. ಮರುವರ್ಷವೇ ಅವರು ರಚಿಸಿದ ಸಮಾನ ಹಕ್ಕುಗಳ ತಿದ್ದುಪಡಿ ಕಾಂಗ್ರೆಸ್ಸಿನಲ್ಲಿ ಮಂಡನೆಯಾಯಿತು. ಅಷ್ಟಕ್ಕೇ ತೃಪ್ತರಾಗದೆ ಅಮೆರಿಕನ್ ವಿಶ್ವವಿದ್ಯಾಲಯದಿಂದ ಕಾನೂನಿನ ಇನ್ನೆರಡು ಉನ್ನತ ಪದವಿಗಳನ್ನು 1928ರ ಹೊತ್ತಿಗೆ ಮುಗಿಸಿದರು. ಜೀವನೋಪಾಯಕ್ಕಾಗಿ ಅಲ್ಲದೆ ವಾಕ್ಯವೊಂದನ್ನು ಸಂವಿಧಾನದೊಳಗೆ ಸೇರಿಸುವುದಕ್ಕಾಗಿ ಓದಿದ ಈ ಓದು ಲಾಬಿಯ ಚರಿತ್ರೆಯಲ್ಲಿ ಅತ್ಯಂತ ಗೌರವಕ್ಕೆ ಅರ್ಹವಾದ ಅಧ್ಯಾಯ.

ಕಾಂಗ್ರೆಸ್ಸಿನ ಮುಂದೆ ವಾದಿಸಲು ಕಾನೂನು ಕಲಿತವರೇ ಮುಂದಾಗುವ ಈ ಅನುಭವ ಭಾರತದ ಸ್ವಾತಂತ್ರ್ಯ ಚಳವಳಿಗೂ ಆಯಿತು. ಲಾಲಾ ಲಜಪತ ರಾಯ್ 1917ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಹೋಂರೂಲ್ ಲೀಗಿನಲ್ಲಿ ದುಡಿದವರಲ್ಲಿ, ಮುಂದೆ ಹುಬ್ಬಳ್ಳಿಯಲ್ಲಿ ನೆಲೆಸಿ ಹಿಂದೂಸ್ತಾನಿ ಸೇವಾದಳವನ್ನು ಬೆಳೆಸಿದ ಡಾ. ನಾ. ಸು. ಹರ್ಡೀಕರ್ ಒಬ್ಬರು, ಅವರು ಕಲಿತದ್ದು ವೈದ್ಯಕೀಯ. ಆದರೆ 1919ರಲ್ಲಿ ಸೆನೆಟ್ಟಿನ ವಿದೇಶಾಂಗ ಸಮಿತಿಯು ಮೊದಲ ಮಹಾಯುದ್ಧದ ಶಾಂತಿ ಒಪ್ಪಂದವನ್ನು ಪರಿಶೀಲಿಸಿದಾಗ ಭಾರತದ ಪರವಾಗಿ ಮಾತನಾಡಿದವರು ಅಮೆರಿಕದ ವಕೀಲ ಡಡ್ಲಿ ಫೀಲ್ಡ್ ಮಲೋನ್.

1930ರ ದಶಕದಲ್ಲಿ ಒಕ್ಕೂಟ ಸರ್ಕಾರದ ನಿಯಂತ್ರಣ ಸಂಸ್ಥೆಗಳು ಬೆಳೆದು ನಿಯಮಗಳು ಹೆಚ್ಚಿದಂತೆ ಕಾನೂನು ಪದವೀಧರರ ಬೆಲೆಯೂ ಏರಿತು. ಹಾರ್ವರ್ಡಿನಲ್ಲಿ ಕಾನೂನು ಓದಿ ರೂಸ್‌ವೆಲ್ಟ್ ಸರ್ಕಾರದ ಶಾಸನಗಳನ್ನು ಬರೆದ ಥಾಮಸ್ ಕಾರ್ಕೊರನ್ ಹುದ್ದೆ ಬಿಟ್ಟ ಮೇಲೆ ಲಾಬಿಯಲ್ಲಿ ಹೆಸರು ಮಾಡಿದರು. ಆದರೆ ಗಿರಾಕಿಗಳು ಅವರಂಥವರಿಗೆ ಹಣ ತೆತ್ತದ್ದು ಕಾನೂನಿನ ಜ್ಞಾನಕ್ಕೋ, ಒಳಗಿನವರ ಪರಿಚಯಕ್ಕೋ ಎಂಬುದನ್ನು ಬೇರ್ಪಡಿಸುವುದು ಕಷ್ಟವಾಗತೊಡಗಿತು. 1946ರ ಲಾಬಿ ನಿಯಂತ್ರಣ ಶಾಸನ ನೋಂದಣಿಯನ್ನು ಕಡ್ಡಾಯ ಮಾಡಿತೇ ಹೊರತು ಅರ್ಹತೆಯ ಮಾತೆತ್ತಲಿಲ್ಲ. 1979ರಲ್ಲಿ ಲಾಬಿಗಾರರು ತಮ್ಮದೇ ವೃತ್ತಿಸಂಘ ಕಟ್ಟಿಕೊಂಡರು. 1987ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಗಿ ಮುಂದೆ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಸೇರಿದ ರಾಜಕೀಯ ನಿರ್ವಹಣೆಯ ಸ್ನಾತಕೋತ್ತರ ಶಾಲೆಯು ಕಾನೂನು ಪದವಿಗೆ ಪರ್ಯಾಯವಾದ ಓದನ್ನು ಒದಗಿಸಿತು.

ಈ ಎಲ್ಲ ಓದಿನ ನಡುವೆಯೂ ಸ್ಯಾಮ್ ವಾರ್ಡ್ ಅವರ ಬಂಡವಾಳ ಸವೆಯಲಿಲ್ಲ. 2012ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸೆನೆಟರ್ ಒಬ್ಬರ ಕಚೇರಿಯಲ್ಲಿ ದುಡಿದು ಲಾಬಿಗಾರರಾದವರ ಗಳಿಕೆಯು ಆ ಸೆನೆಟರ್ ನಿರ್ಗಮಿಸಿದೊಡನೆ ಶೇ. 24ರಷ್ಟು ಕುಸಿಯುತ್ತದೆ. ಅವರು ಕಲಿತ ವಿದ್ಯೆ ಅಷ್ಟೇ ಇರುತ್ತದೆ, ಕಳೆದುಹೋಗುವುದು ಪರಿಚಯ ಮಾತ್ರ. ನ್ಯಾಯಾಲಯ ಅಂದು ಅಸಿಂಧುವೆಂದ ಸರಕನ್ನೇ ಮಾರುಕಟ್ಟೆ ಇಂದಿಗೂ ಕೊಳ್ಳುತ್ತಿದೆಯೆಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ. 1995ರ ಲಾಬಿ ಬಹಿರಂಗ ಶಾಸನ ಮತ್ತು 2007ರ ಅದರ ತಿದ್ದುಪಡಿಗಳ ಪ್ರಕಾರ ಇಂದು ನೋಂದಾಯಿಸಿಕೊಳ್ಳುವ ಲಾಬಿಗಾರನು ತನ್ನ ಗಿರಾಕಿಯ ಹೆಸರನ್ನೂ, ಕಳೆದ 20 ವರ್ಷಗಳಲ್ಲಿ ತಾನು ಹೊಂದಿದ್ದ ನಿರ್ದಿಷ್ಟ ದರ್ಜೆಯ ಸರ್ಕಾರಿ ಹುದ್ದೆಗಳನ್ನೂ ತಿಳಿಸಬೇಕು. ಅವನು ಏನು ಓದಿದ್ದಾನೆಂದು ಕೇಳುವ ಅಂಕಣ ಆ ನಮೂನೆಯಲ್ಲಿ ಇಲ್ಲ.